ಕ್ಯಾಲಿಪರ್‌ನ ಬೆಲೆ ಕೇಳಿದ್ದು

ಪೋಲಿಯೊ ಬಂದ ನನ್ನ ಎಡಗಾಲಿಗೆ ಕಟ್ಟಿಕೊಳ್ಳಲು ಸರ್ಕಾರದ ಶಿಬಿರದಲ್ಲಿ ಕೊಟ್ಟ ಕಬ್ಬಿಣದ ಸರಳುಗಳ ಕ್ಯಾಲಿಪರ್ ಮೊದಲ ದಿನದಿಂದಲೂ ಹೊಂದಲಿಲ್ಲ. ಮಂಡಿಗೆ ಬರಬೇಕಾದ ಕೀಲು ತೊಡೆಗೆ ಬಂದಿತ್ತು. ಚಿತ್ರದುರ್ಗದ ಆ ಶಿಬಿರದಲ್ಲಿ ಯಾರೂ ಟೇಪು ಹಿಡಿದಿರಲಿಲ್ಲ, ಕಣ್ಣಳತೆಯಲ್ಲೇ ಹಂಚಿದ್ದರು. ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಿಂದ ನಾನು ಪಾಠ ಹೇಳುವ ಶಾಲೆ ಮುಟ್ಟುವಷ್ಟರಲ್ಲಿ ಚರ್ಮ ಸುಲಿದಿರುತ್ತಿತ್ತು. ಇದಕ್ಕೆ ಸರ್ಕಾರ ಎಷ್ಟು ಕೊಟ್ಟಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಅಳತೆ ತೆಗೆದು ಮಾಡಿಸುವಷ್ಟು ದುಡ್ಡು ಕೊಟ್ಟಿದ್ದರೆ ಅಳತೆ ಎಲ್ಲಿ ಹೋಯಿತು ಅನ್ನುವುದಷ್ಟೇ ನನ್ನ ಪ್ರಶ್ನೆ.

ಅರ್ಜಿ ಚಿತ್ರದುರ್ಗದಿಂದ ಹಿರಿಯೂರಿಗೆ ಹೋಯಿತು, ಅಲ್ಲಿಂದ ಹೊಸದುರ್ಗಕ್ಕೆ. ‘ವರ್ಗಾಯಿಸಲಾಗಿದೆ’ ಎಂಬ ಕಾಗದ ಮಾತ್ರ ನನಗೆ ಬರುತ್ತಿತ್ತು. ನನಗಿಂತ ನನ್ನ ಅರ್ಜಿಯೇ ಚೆನ್ನಾಗಿ ಓಡಾಡಿತು. ಕೊನೆಗೆ ಹೊಸದುರ್ಗದ ಕಚೇರಿಗೆ ನಾನೇ ಹೋದರೆ ಗುಮಾಸ್ತರು ನಕ್ಕರು.

“ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ಲಿಗೋಗಿ ಮೊಳ ಹಾಕಿದ್ರಂತೆ. ಹಂಗಾತು ನಿಮ್ದು. ಕುಂತ್ಕಳ್ರಿ ಮೇಡಂ, ಮೊದ್ಲು ನೀರು ಕುಡೀರಿ.”

ಕುಡಿದೆ. ಸಿಟ್ಟು ಬಂದಿತ್ತು. ಆದರೆ ಕಾಲು ನೋಯುವಾಗ ಸಿಟ್ಟು ಮಾಡಲಿಕ್ಕೂ ಕುರ್ಚಿ ಬೇಕು. ಅವರು ಕಡತ ಹುಡುಕಿದಂತೆ ಮಾಡಿ, ಸಿಗಲಿಲ್ಲವೆಂದು ಕಳಿಸಿದರು. ಮೇಲ್ಮನವಿ ಹಾಕಿದೆ, ಅದಕ್ಕೂ ಉತ್ತರವಿಲ್ಲ.

ಈ ವರ್ಷ ಮತ್ತೆ ಶಿಬಿರವೆಂದರು. ಹೋಗದೆ ವಿಧಿಯಿಲ್ಲ, ಹೋದೆ. ಹೆಸರು ಬರೆದುಕೊಳ್ಳುತ್ತಿದ್ದವರು ತಲೆಯೆತ್ತಿ, “ರೇಟು ಕೇಳಿದ್ ಮೇಡಂ ನೀವೇ ಅಲ್ವೇನ್ರಿ?” ಎಂದು ಇಡೀ ಸಾಲಿಗೆ ಕೇಳುವಂತೆ ಅಂದರು. ನನ್ನ ಹಿಂದೆ ಭರಮಸಾಗರದ ಹೆಂಗಸೊಬ್ಬಳು ನಿಂತಿದ್ದಳು. ಹುಟ್ಟಿದಾಗಿನಿಂದ ಕಾಲು ಸೊರಗಿದ ಮಗಳನ್ನು ಸೊಂಟದ ಮೇಲೆ ಹೊತ್ತಿದ್ದಳು.

“ನಿಮ್ ಕಾಲಿಗೆ ಬೀಳ್ತೀನಿ ಅಕ್ಕಾರೆ, ಇಲ್ಲಿ ಏನೂ ಕೇಳಬ್ಯಾಡ್ರಿ. ಶಿಬಿರ ನಿಲ್ಸಿಬಿಟ್ರೆ ನಮ್ ಹುಡುಗಿ ಗತಿ ಏನು?”

ನಾನು ಹೆಸರಷ್ಟೇ ಬರೆಸಿ ಮುಂದೆ ಸರಿದೆ.

ಅವತ್ತೂ ಟೇಪು ಬರಲಿಲ್ಲ. ನನಗೆ ಸಿಕ್ಕಿದ್ದು ಹಳೆಯದರಂಥದ್ದೇ. ಆ ಮಗುವಿಗೆ ತೊಡಿಸಿದರೆ ಅದಕ್ಕೂ ಕೀಲು ತೊಡೆಗೇ ಬಂತು. ತಾಯಿ ಕೆಳಕ್ಕೆ ಎಳೆದಳು, ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದಳು. ಆಮೇಲೆ ನನ್ನ ಕಾಲನ್ನೇ ಸ್ವಲ್ಪ ಹೊತ್ತು ನೋಡಿದಳು. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹತ್ತಿರ ಬಂದಳು.

“ಅಕ್ಕಾರೆ, ರೇಟು ಏನಾರ ಗೊತ್ತಾತಾ?”

“ಇಲ್ಲ ಕಣಮ್ಮ,” ಎಂದೆ. ಅಷ್ಟು ಹೇಳಲಿಕ್ಕೂ ನನಗೆ ಸುಸ್ತಾಗಿತ್ತು. ಮಗು ಆಗಲೇ ಅಳಲು ಶುರುಮಾಡಿತ್ತು.