ಅತ್ತೆಯ ಬಾಯಿರುಚಿಗೆ ಫ್ರಾನ್ಸಿನ ಹುಳಿ

ಫ್ರಾನ್ಸ್ ದೇಶದ ಭೂಗೋಳವನ್ನು ನಾನು ಕಲಿತದ್ದು ಬೆಳಂಬಾರದ ನಮ್ಮ ಸೋದರತ್ತೆಯ ಜಗಲಿಯಲ್ಲಿ. ಖಾದಿ ಉಟ್ಟು ಶೇಂದಿ ಅಂಗಡಿಯ ಎದುರು ಘೋಷಣೆ ಕೂಗಿದವನು ವೈನಿನ ಸುದ್ದಿ ಎತ್ತುವುದು ಚೆಂದವಲ್ಲ, ಗೊತ್ತು. ಪೂರ್ತಿ ಕೇಳಿ, ಆಮೇಲೆ ಬೈಯಿರಿ.

ಆ ವರ್ಷ ಅತ್ತೆಗೆ ವಿಷಮಜ್ವರ. ಜ್ವರ ಬಿಟ್ಟರೂ ಬಾಯಿರುಚಿ ಮರಳಲಿಲ್ಲ. ಮೀನಿಲ್ಲದೆ ಅನ್ನ ಮುಟ್ಟದವಳು ಈಗ ಗಂಜಿಯ ಬಟ್ಟಲು ಕಂಡರೆ ಗೋಡೆಯತ್ತ ಹೊರಳಿ ಮಲಗುತ್ತಿದ್ದಳು. ಅಂಕೋಲೆಯ ಡಾಕ್ಟರು ನನ್ನನ್ನು ಹೊರಗೆ ಕರೆದು, "ಇವರು ಉಣ್ಣದಿದ್ದರೆ ನನ್ನ ಔಷಧದಿಂದ ಏನೂ ಆಗದು. ಊಟಕ್ಕೆ ಮೊದಲು ಎರಡು ಚಮಚ ವೈನು ಕೊಟ್ಟು ನೋಡಿ" ಎಂದರು.

ಖಾದಿ ಟೊಪ್ಪಿಗೆ ಕಿಸೆಗಿಳಿಸಿ, ಸರ್ವಿಸ್ ಮೋಟಾರು ಹತ್ತಿ ಕಾರವಾರಕ್ಕೆ ಹೋದೆ. ಬಂದರಿನ ಹತ್ತಿರ ಪೆದ್ರು ಬಾಬನ ಅಂಗಡಿ. ಫ್ರೆಂಚರ ಹಡಗುಗಳಲ್ಲಿ ಅಡುಗೆ ಮಾಡಿ ಊರು ಸೇರಿದವನು. ಹಳೆಯ ಸಂಗಡಿಗರು ಆಗೀಗ ಬಾಟಲಿ ತಂದುಕೊಡುತ್ತಿದ್ದರು. ಬಾಣಂತಿಯರಿಗೆಂದು ಎಲ್ಲರೂ ಒಯ್ಯುವ ಸಿಹಿ ಕೆಂಪು ವೈನು ತೀರಿತ್ತು. ಉಳಿದದ್ದು ಯಾರೂ ಕೇಳದ, ನೀರಿನಂಥ ಬಿಳಿಯದು.

"ಯಾವ ಊರಿನದು?" ಎಂದೆ, ಹೇಳಿದರೆ ತಿಳಿಯುವವನ ಹಾಗೆ.

"ಫ್ರಾನ್ಸಿನಲ್ಲಿ ಲುವಾರ್ ನದಿ ಸಮುದ್ರ ಸೇರೋ ಕಡೆಯದು. ಮಸ್ಕಡೇ ಅಂತಾರೆ. ಸಾಹೇಬರು ಇದನ್ನ ಮೂಸೋದಿಲ್ಲ. ಅಲ್ಲಿಯವರೂ ನಮ್ಮ ಹಾಗೇ, ಚಿಪ್ಪು ಹೆಕ್ಕಿ ತಿನ್ನೋ ಜನ."

"ರೋಗಿಗೆ ಆದೀತಾ?"

"ರೋಗಿಗೆ ಗೊತ್ತಿಲ್ಲ ಬಾಬಾ. ಮೀನು ತಿನ್ನೋರಿಗೆ ಆಗ್ತದೆ."

ಧಾರವಾಡದಲ್ಲಿ ಓದುವಾಗ "ಅಂಕೋಲೆಯೇ? ಅದೆಲ್ಲಿ ಬರುತ್ತದೆ?" ಎಂದು ಕೇಳಿಸಿಕೊಂಡು ಬೆಳೆದವನು ನಾನು. ಹೆಸರಿಲ್ಲದ ಸೀಮೆಯ ಆ ಬಾಟಲಿಯ ಮೇಲೆ ಯಾಕೋ ನೆಂಟಸ್ತನ ಹುಟ್ಟಿತು.

ಪೆದ್ರು ಹೇಳಿದಂತೆ ಬಾಟಲಿಯನ್ನು ಕೊಡಪಾನದಲ್ಲಿಟ್ಟು ಬಾವಿಗೆ ಇಳಿಬಿಟ್ಟೆವು. ತಣ್ಣಗಾದ ಮೇಲೆ ಮೊದಲು ನಾನೇ ಒಂದು ಗುಟುಕು ಕುಡಿದೆ. ಅತ್ತೆಯ ಹಿತಕ್ಕಾಗಿ ಅನ್ನಿ. ಬಿಂಬಲಕಾಯಿ ಕಚ್ಚಿದ ಹಾಗೆ ಹಲ್ಲು ಜುಮ್ಮೆಂದಿತು. ಹಿಂದೆಯೇ ಮಳೆ ನಿಂತ ಮೇಲಿನ ಕಲ್ಲಿನ ವಾಸನೆ, ತುಸು ಉಪ್ಪುಗಾಳಿ. ಸಿಹಿಯ ಸುಳಿವಿಲ್ಲ. ಮೋಸಹೋದೆ ಎಂದುಕೊಂಡೇ ಅತ್ತೆಯ ಬಾಯಿಗೆ ಚಮಚ ಹಿಡಿದೆ.

ಅವಳು ನುಂಗಿ ಕಣ್ಣುಮುಚ್ಚಿದಳು. ನಾಲಗೆ ಒಮ್ಮೆ ತುಟಿ ಸವರಿತು.

"ತಮಾ, ಹುಳಿ ಕೊಟ್ಟೆ. ಮೀನೆಲ್ಲಿ?"

ನಮ್ಮ ಕಡೆ ಹುಳಿ ಎನ್ನುವುದು ಅರ್ಧ ಅಡುಗೆ. ಬರೀ ಹುಳಿ ಕೊಟ್ಟು ಸುಮ್ಮನಾಗುವುದು ಮರ್ಯಾದೆಯಲ್ಲ. ಅತ್ತೆ ಅದನ್ನು ಔಷಧವೆಂದೇ ತಿಳಿಯಲಿಲ್ಲ, ಯಾರೋ ಪರದೇಶದವರು ಅಡುಗೆ ಶುರುಮಾಡಿ ನಡುವೆ ಬಿಟ್ಟಿದ್ದಾರೆಂದು ತಿಳಿದಳು.

"ನೋಡ್ತಾ ನಿಂತ್ಯಲ್ಲೋ ಖಾದಿ ಸಾಹೇಬ. ಬಳಚು ಸಿಕ್ತದೇನೋ ನೋಡು. ಕಾಯಿ ಜಾಸ್ತಿ ಹಾಕೂಕೆ ಹೇಳು."

ಹೊಳೆದಂಡೆಯಿಂದ ಹೆಕ್ಕಿ ತಂದ ಬಳಚು ಚಿಪ್ಪುಗಳ ಸುಕ್ಕದೊಂದಿಗೆ ಅವಳು ಅರ್ಧ ಬಟ್ಟಲು ಗಂಜಿ ಉಂಡಳು. ನಮ್ಮಮ್ಮ ಒಳಗೆ ಹೋಗಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಆಮೇಲೆ ಪೆದ್ರು ಇಂಥವನ್ನೇ ಹುಡುಕಿ ತೆಗೆದಿಡತೊಡಗಿದ. ಹಿಮದ ಗುಡ್ಡಗಳ ಬುಡದ ಸವ್ವಾ ಸೀಮೆಯದು ಬಂತು. ಅತ್ತೆ ಅದನ್ನು ನೊಗ್ಲಿ ಮೀನಿಗೆ ಗೊತ್ತುಮಾಡಿದಳು. ದಕ್ಷಿಣದ ಉಪ್ಪುಕೆರೆಗಳ ದಂಡೆಯದನ್ನು ಬಂಗಡೆಗೆ ಒಪ್ಪಿಸಿದಳು. ನಾನು ಶಾಲೆಯ ಹಳೇ ನಕಾಶೆ ಬಿಡಿಸಿ ಆ ಊರುಗಳನ್ನು ಹುಡುಕುತ್ತ ಕೂತೆ. ಎಷ್ಟೋ ಊರು ನಕಾಶೆಯಲ್ಲೇ ಇರಲಿಲ್ಲ. ಅಂಕೋಲೆಯೂ ಇರಲಿಲ್ಲ, ಬಿಡಿ.

ಮುಂದೊಂದು ದಿನ ಡಾಕ್ಟರು ನೋಡಲು ಬಂದಾಗ ಅತ್ತೆ ಒಲೆಯ ಮುಂದಿದ್ದಳು. ಅವರು ನಾಡಿ ಹಿಡಿದು, ವೈನು ಇನ್ನು ಸಾಕು ಎಂದರು. ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿ, "ಅಡ್ಡಿಲ್ಲ. ನೀವೆಂತಾ ಇಷ್ಟು ಸಣ್ಣಗಾಗಿದ್ರಿ? ಕೂತ್ಕಳಿ, ಉಂಡ್ಕಂಡು ಹೋಗಿ" ಎಂದು ಬಾಳೆಲೆ ಹಾಸಿದಳು.

ರೋಗಿಗೆ ಡಾಕ್ಟರ ಆರೋಗ್ಯದ ಚಿಂತೆ ಹತ್ತಿತೆಂದರೆ ಮನೆಯವರು ನಿಶ್ಚಿಂತೆಯಿಂದ ನಿದ್ದೆ ಮಾಡಬಹುದು.