ಎಡಗಡೆ ಎರಡು ಬೆರಳು ಕೆಳಗೆ

ಮೊದಲು ಬಾಯಿಬಿಟ್ಟು ಹೇಳಿದವಳು ಬ್ಲೌಸ್ ಹೊಲಿಯುವವಳು. ವಿಜಯನಗರದಲ್ಲಿ ನಮ್ಮ ಮನೆಯ ಹಿಂದಿನ ಅಡ್ಡರಸ್ತೆಯಲ್ಲೇ ಅವಳ ಅಂಗಡಿ. ಅಳತೆಯ ಟೇಪನ್ನು ಒಂದಲ್ಲ, ಮೂರು ಸಲ ಹಿಡಿದು ನೋಡಿದಳು. "ಆಂಟಿ, ಎಡಗಡೆ ಎರಡು ಬೆರಳು ಕೆಳಗೆ ಬರ್ತಾ ಇದೆ. ಹೋದ್ ಸಲ ಹಿಂಗಿರ್ಲಿಲ್ಲ" ಎಂದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಒಂದು ತಿಂಗಳಿಂದ ಸ್ನಾನದ ಮನೆಯಲ್ಲಿ ನೋಡಿಯೂ ನೋಡದ ಹಾಗೆ ಇದ್ದೆ.

ಎಡಗಡೆಯದು ನನ್ನದಲ್ಲ. ಕ್ಯಾನ್ಸರ್ ಎಂದು ಆ ಎದೆಯನ್ನು ತೆಗೆದಾಗಲೇ ಅಲ್ಲಿ ಸಿಲಿಕೋನಿನ ಇಂಪ್ಲಾಂಟ್ ಇಟ್ಟಿದ್ದರು. ಆಮೇಲೆ ಕೀಮೋ ಮುಗಿದು ತಲೆಯಲ್ಲಿ ಬೆರಳುದ್ದ ಕೂದಲೂ ಬಂದಿತ್ತು. "ಇಂಪ್ಲಾಂಟ್ ಹಾಕಿಸ್ಲೇಬೇಕು ಅಂತ ಡಾಕ್ಟ್ರು ಅಂದ್ರು" ಎಂದು ಕೆಂಗೇರಿಯ ಅಕ್ಕನಿಗೆ ಹೇಳಿದ್ದೆ, ನನ್ನ ಗಂಡನಿಗೂ ಹೇಳಿದ್ದೆ. ಡಾಕ್ಟರು ಹಾಗೆ ಅಂದಿರಲಿಲ್ಲ. ಬೇಕಾ ಎಂದು ಕೇಳಿದ್ದರು, ನಾನು ಬೇಕು ಎಂದಿದ್ದೆ. ಐವತ್ತೆರಡನೇ ವಯಸ್ಸಿನಲ್ಲಿ ಎದೆ ಬೇಕು ಎನ್ನಲು ನಾಚಿಕೆ. ಅದಕ್ಕೇ ಅವರ ತಲೆಗೆ ಕಟ್ಟಿದೆ.

ಆಪರೇಷನ್ ಆದ ಮೇಲೆ ಮೂರು ತಿಂಗಳು ಹಗಲೂ ರಾತ್ರಿ ತೊಟ್ಟುಕೊಳ್ಳಲು ಬಿಗಿಯಾದ ಬ್ರಾ ಎರಡು ಕೊಟ್ಟಿದ್ದರು. ಒಂದು ಮೈಮೇಲೆ, ಇನ್ನೊಂದು ಒಗೆತಕ್ಕೆ. ಹೇಳುವುದು ಸುಲಭ. ನಮ್ಮ ಕಡೆ ಹೆಂಗಸರ ಒಳಬಟ್ಟೆ ಬಿಸಿಲು ಕಂಡದ್ದುಂಟೇ? ಮೇಲಿನ ಮನೆಯಲ್ಲಿ ಬಾಡಿಗೆಗಿರುವವರು ಫೋನ್ ಹಿಡಿದು ತಾರಸಿಯಲ್ಲೇ ಓಡಾಡುತ್ತಿರುತ್ತಾರೆ. ಹಾಗಾಗಿ ತಂತಿಯ ಮೇಲೆ ಮೊದಲು ಬ್ರಾ, ಅದರ ಮೇಲೆ ಲಂಗ, ಲಂಗದ ಮೇಲೊಂದು ಟವೆಲ್ಲು. ನಮ್ಮಮ್ಮ ಒಣಗಿಸುತ್ತಿದ್ದದ್ದು ಹಾಗೆ, ನಾನೂ ಹಾಗೇ. ಇದೋ ದಪ್ಪ ಎಲಾಸ್ಟಿಕ್ಕಿನದು, ಅದರ ಮೇಲೆ ಆಷಾಢದ ಮೋಡ. ಮೂರು ದಿನ ಕಳೆದರೂ ಹಸಿ. ಹಸಿಯದನ್ನೇ ತೊಟ್ಟು ಎದೆಯ ಕೆಳಗೆಲ್ಲ ಕೆಂಪಗೆ ಗಂಧೆ ಎದ್ದು, ತುರಿಕೆಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಆರನೇ ವಾರದಲ್ಲಿ, ಇವತ್ತೊಂದು ದಿನ ಬೇಡ ಎಂದು ಬಿಚ್ಚಿಟ್ಟೆ. ಆ ಒಂದು ದಿನ ಮುಗಿಯಲೇ ಇಲ್ಲ. ಭಾರ ಎತ್ತಬೇಡಿ ಎಂದೂ ಹೇಳಿದ್ದರು. ಒದ್ದೆ ಬೆಡ್‌ಶೀಟಿನ ಬಕೆಟ್ಟು ತಾನಾಗಿ ಮೆಟ್ಟಿಲು ಹತ್ತುತ್ತದೆಯೇ?

ಗಂಡ ಫ್ಯಾಕ್ಟರಿಗೆ ಅರ್ಧ ದಿನ ರಜೆ ಹಾಕಿ ಸ್ಕೂಟರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಂಪ್ಲಾಂಟ್ ಇಟ್ಟಿದ್ದ ಪ್ಲಾಸ್ಟಿಕ್ ಸರ್ಜನ್, ಮದುವೆಯಾಗಿ ಹೋದ ನನ್ನ ಮಗಳ ವಯಸ್ಸಿನವರು. ನಿಲ್ಲಿಸಿ, ಕೂರಿಸಿ, ಕೈ ಎತ್ತಿಸಿ, ಪೆನ್ನಿನಿಂದ ನನ್ನ ಪಕ್ಕೆಲುಬಿನ ಮೇಲೆ ಎರಡು ಗೆರೆ ಎಳೆದರು. ಒಂದು ಇರಬೇಕಾದ ಜಾಗ, ಇನ್ನೊಂದು ಈಗ ಇರುವ ಜಾಗ.

"ಇಂಪ್ಲಾಂಟ್ ಕೂತಿರೋದು ಒಳಗಡೆ ಒಂದು ಜೇಬಲ್ಲಿ ಅಂದ್ಕೊಳ್ಳಿ ಅಮ್ಮಾ. ಆ ಜೇಬಿನ ತಳ ಸಡಿಲ ಆಗಿದೆ. ಬ್ರಾ ಮೂರು ತಿಂಗಳೂ ಹಾಕ್ಕೊಂಡಿದ್ರಾ?"

"ಹಾಕ್ಕೊಂಡಿದ್ದೆ ಮೇಡಂ."

ಪಕ್ಕದಲ್ಲಿ ಗಂಡ ಇದ್ದರು. ಅವರೆದುರು ಬೈಸಿಕೊಳ್ಳುವ ಶಕ್ತಿ ನನಗಿರಲಿಲ್ಲ. ಇವರೋ, "ನೀವ್ ಹೇಳಿದ್ದೆಲ್ಲಾ ಮಾಡಿದಾಳೆ ಮೇಡಂ. ನಿಮ್ ಹೊಲಿಗೆನೇ ಸರಿ ಇರ್ಲಿಲ್ಲ ಅನ್ಸುತ್ತೆ" ಎಂದು ಜಗಳಕ್ಕೇ ನಿಂತರು.

ಡಾಕ್ಟರು ಜಗಳವಾಡಲಿಲ್ಲ. ಇದರಿಂದ ಜೀವಕ್ಕೆ ಅಪಾಯವಿಲ್ಲ, ಹೀಗೇ ಬಿಡಬಹುದು, ಆದರೆ ಇನ್ನೂ ಇಳಿಯಬಹುದು ಎಂದರು. ಇನ್ನು ಬ್ರಾ ಹಾಕಿದರೆ ಮೇಲೆ ಹೋಗುವುದಿಲ್ಲ. ಮತ್ತೆ ತೆರೆದು ಜೇಬಿನ ತಳವನ್ನು ಮೇಲಕ್ಕೆ ಹೊಲಿಯಬಹುದು, ಅದಕ್ಕೆ ಆನಿಕೆಯಾಗಿ ಒಳಗೊಂದು ತೆಳ್ಳನೆಯ ಜಾಲರಿ ಇಡಬಹುದು, ಇಂಪ್ಲಾಂಟನ್ನು ಸ್ವಲ್ಪ ಹಗುರದ್ದಕ್ಕೆ ಬದಲಾಯಿಸಬಹುದು. ಇಲ್ಲವೇ ಪೂರ್ತಿ ತೆಗೆದುಬಿಡಬಹುದು.

"ಆದ್ರೆ ನೀವು ಇಷ್ಟು ಜೋಪಾನ ಮಾಡಿಯೂ ಜಾರಿದೆ ಅಂದ್ರೆ, ನಿಮ್ಮ ಚರ್ಮ ತಡ್ಕೊಳ್ತಾ ಇಲ್ಲ ಅಂತಾಯ್ತು. ಮತ್ತೆ ಹೊಲಿದ್ರೆ ನಿಲ್ಲುತ್ತೆ ಅಂತ ನಂಗೆ ಧೈರ್ಯ ಇಲ್ಲ ಅಮ್ಮಾ. ತೆಗೆಯೋದೇ ವಾಸಿ."

ಮಾಡಿದ್ದುಣ್ಣೋ ಮಹರಾಯ. ಒಂದು ಬೈಗುಳ ತಪ್ಪಿಸಿಕೊಳ್ಳಲು ಹೇಳಿದ ಸುಳ್ಳು ನನ್ನ ಎದೆಯನ್ನೇ ಕೇಳುತ್ತಿತ್ತು.

ಗಂಡನಿಗೆ ನಿರಾಳವಾಯಿತು. "ತೆಗೆದ್ಬಿಡಿ ಮೇಡಂ. ಈ ವಯಸ್ಸಲ್ಲಿ ಇವಳಿಗ್ಯಾಕೆ? ಅವತ್ತೂ ನೀವೇ ತಾನೇ ಹಾಕಿಸ್ಲೇಬೇಕು ಅಂದಿದ್ದು" ಎಂದರು.

ಡಾಕ್ಟರು ನನ್ನ ಮುಖ ನೋಡಿದರು. ಅಲ್ಲ ಎನ್ನಬಹುದಿತ್ತು, ಅನ್ನಲಿಲ್ಲ. ಆ ಮಗು ನನ್ನ ಮಾನ ಕಾಯುತ್ತಾ ಸುಮ್ಮನೆ ಕೂತದ್ದು ನೋಡಿ ನನಗೆ ನನ್ನ ಮೇಲೇ ಅಸಹ್ಯವಾಯಿತು. ಸಾಕಾಗಿಹೋಗಿತ್ತು. ಕಾಯಿಲೆಯೂ ಸಾಕಾಗಿತ್ತು, ಅದಕ್ಕಿಂತ ಹೆಚ್ಚಾಗಿ ಈ ಮುಚ್ಚಿಡುವ ಕೆಲಸ ಸಾಕಾಗಿತ್ತು.

"ಹಾಕ್ಕೊಂಡಿರ್ಲಿಲ್ಲ ಮೇಡಂ. ಆರು ವಾರಕ್ಕೇ ಬಿಟ್ಬಿಟ್ಟೆ. ಒಣಗ್ತಿರ್ಲಿಲ್ಲ, ತುರಿಕೆ ತಡ್ಕೊಳ್ಳೋಕಾಗ್ತಿರ್ಲಿಲ್ಲ. ಭಾರಾನೂ ಎತ್ತಿದೀನಿ."

ಆಮೇಲೆ ಗಂಡನ ಕಡೆ ತಿರುಗಿದೆ. "ಇಂಪ್ಲಾಂಟ್ ಬೇಕು ಅಂದಿದ್ದು ನಾನೇ ಕಣ್ರೀ. ಮೇಡಂ ಕೇಳಿದ್ರು ಅಷ್ಟೇ. ನಂಗೆ ಈಗ್ಲೂ ಬೇಕು."

ಇವರು ಬಯ್ಯಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಹೀಗೆ ಒಂದನ್ನು ಬೇಕು ಎಂದದ್ದು ಅವರು ಕೇಳಿರಲಿಲ್ಲ.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ, "ಬ್ರಾ ಹಾಕ್ಕೊಂಡಿದ್ರೂ ಕೆಲವರಿಗೆ ಜಾರುತ್ತೆ ಅಮ್ಮಾ. ಎಲ್ಲಾ ನಿಮ್ಮ ತಪ್ಪೇ ಅನ್ಕೋಬೇಡಿ. ಆದ್ರೆ ಈಗ ಹೊಲಿದು ನೋಡೋದಕ್ಕೆ ಅರ್ಥ ಇದೆ. ಗ್ಯಾರಂಟಿ ಕೊಡಲ್ಲ. ಮತ್ತೆ ಮೂರು ತಿಂಗಳು ಒಂದು ಕೊಡ ನೀರೂ ಎತ್ತೋ ಹಾಗಿಲ್ಲ. ಮನೇಲಿ ಕೆಲಸಕ್ಕೆ ಯಾರಿದಾರೆ?" ಎಂದರು.

ಕೇಳಿದ್ದು ಇವರನ್ನು. ಇವರು ಗೋಡೆಯ ಕಡೆ ನೋಡಿದರು.

"ಯಾರೂ ಇಲ್ಲ ಮೇಡಂ. ಮನೆ ಹಂಗೇ ಬಿದ್ದಿರ್ಲಿ. ನೀವು ಡೇಟ್ ಹೇಳಿ" ಎಂದೆ.