ಕೊಂಡಿಮಾವನ ಎರಡು ಕುದುರೆಗಳು

ಊರಿನ ಅಂಚಿನಲ್ಲಿ, ಹೆದ್ದಾರಿ ತಿರುವು ತೆಗೆದುಕೊಳ್ಳುವ ಕಡೆ, ತಗಡಿನ ಸೂರಿನ ಒಂದು ವೆಲ್ಡಿಂಗ್ ಅಂಗಡಿಯಿತ್ತು. ಅದರ ಯಜಮಾನನನ್ನು ಹೆಸರು ಹಿಡಿದು ಕರೆದವರು ಕಡಿಮೆ. ಗಾಡಿಯ ಹಿಂದೆ ಟ್ರೈಲರ್ ಸಿಕ್ಕಿಸುವ ಕೊಂಡಿ ಕೂರಿಸುವುದರಲ್ಲಿ ಅವನದು ಎತ್ತಿದ ಕೈ. ಅಕ್ಕನ ಮಗಳು ಚಿಕ್ಕವಳಿದ್ದಾಗ ‘ಕೊಂಡಿಮಾವ’ ಎಂದದ್ದೇ ಊರಿಗೆಲ್ಲ ಅಂಟಿಕೊಂಡು, ಅವನಿಗಿಂತ ಹತ್ತು ವರ್ಷ ದೊಡ್ಡವರೂ ಅವನನ್ನು ಮಾವ ಎನ್ನುತ್ತಿದ್ದರು.

ಅಂಗಡಿಯ ಹಿಂದೆಯೇ ಲಾಯ. ಅಲ್ಲಿ ಎರಡು ಮುದಿ ಕುದುರೆಗಳು: ಕೆಂಪು ಮೈಯ ಕೆಂಚಿ, ಬೂದು ಬಣ್ಣದ ಬೂದಿ. ಎರಡೂ ಹೆಂಡತಿಯವು. ಅವಳು ಮೂವತ್ತು ವರ್ಷ ಸವಾರಿ ಶಾಲೆಯ ಲಾಯ ನೋಡಿಕೊಂಡು, ಕೆಲಸ ಬಿಡುವ ದಿನ ಈ ಎರಡನ್ನೂ ಕೇಳಿ ಪಡೆದು ಮನೆಗೆ ನಡೆಸಿಕೊಂಡು ಬಂದಿದ್ದಳು. ಅವಳು ತೀರಿಕೊಂಡು ಎರಡು ವರ್ಷವಾಗಿತ್ತು. ಕೊಂಡಿಮಾವನ ಮಂಡಿ ಈಗ ಮಾತು ಕೇಳುತ್ತಿರಲಿಲ್ಲ. ಲಾಯ ಗುಡಿಸಿ ಬಗ್ಗಿದವನು ಮೇಲೇಳಲು ಗೋಡೆ ಹಿಡಿಯಬೇಕಾಗಿತ್ತು. ಬೆಟ್ಟದಾಚೆ ಜಮೀನು ಮಾಡಿಕೊಂಡಿದ್ದ ಅಕ್ಕನ ಮಗಳು ಫೋನ್ ಮಾಡಿದಾಗಲೆಲ್ಲ, “ಕುದುರೆ ನನ್ನ ಹತ್ರ ಇರಲಿ ಮಾವ, ಇಲ್ಲಿ ಓಡಾಡೋಕೆ ಜಾಗ ಇದೆ” ಎನ್ನುತ್ತಿದ್ದಳು. ನಾಳೆ, ನಾಡಿದ್ದು ಎಂದು ತಳ್ಳಿ ತಳ್ಳಿ ಕೊನೆಗೆ ಅವನು ಹೂಂ ಎಂದಿದ್ದ.

ಹೇಳಿದ ದಿನ ಬೆಳಿಗ್ಗೆ ಅವಳು ಬಂದಳು. ಹೊಳೆಯುವ ಹೊಸ ಪಿಕಪ್, ಹಿಂದೆ ಎರಡು ಕುದುರೆ ನಿಲ್ಲುವ ಟ್ರೈಲರ್. ಜೊತೆಗೆ ಗಂಡ, ಗಂಡನ ಅಕ್ಕ. ಈ ಅತ್ತಿಗೆ ದರ್ಜಿ; ದಾರಿಯ ಊರೊಂದರಲ್ಲಿ ಕಾಲಲ್ಲಿ ತುಳಿಯುವ ಹಳೆಯ ಹೊಲಿಗೆ ಯಂತ್ರ ಸಿಕ್ಕಿತೆಂದು ಅದನ್ನೂ ಪಿಕಪ್ಪಿಗೆ ಹೇರಿಸಿಕೊಂಡಿದ್ದಳು. ಪಕ್ಕದಲ್ಲಿ ತುಂಬಿದ ನೀರಿನ ಡ್ರಮ್ಮು, ಗಂಡನ ಕಬ್ಬಿಣದ ಸಾಮಾನಿನ ಪೆಟ್ಟಿಗೆ.

ಕೊಂಡಿಮಾವ ಗಾಡಿಯ ಸುತ್ತ ಎರಡು ಸುತ್ತು ಬಂದ. ಒದ್ದೆ ಮಾಡಿದ ಬೆರಳಲ್ಲಿ ಗಾಡಿಯ ಪುಸ್ತಕದ ಹಾಳೆ ತಿರುವಿದ.

“ಎರಡೂವರೆ ಸಾವಿರ ಕಿಲೋ ಎಳೆಯುತ್ತೆ ಮಾವ. ಟ್ರೈಲರ್ರು, ಕುದುರೆ, ಮೇವು, ಜೀನು ಎಲ್ಲಾ ಸೇರಿ ಎರಡು ಸಾವಿರದ ನೂರ ಅರವತ್ತು ದಾಟಲ್ಲ. ಆರಾಮಾಗಿ ಹೋಗುತ್ತೆ” ಎಂದಳು ಅಕ್ಕನ ಮಗಳು.

“ಅದು ಗಾಡಿ ಖಾಲಿ ಇದ್ದು, ಒಬ್ಬರೇ ಓಡಿಸಿದ್ರೆ. ಕೆಳಗಿನ ಸಾಲು ಓದಿದ್ಯಾ? ಗಾಡಿ, ಟ್ರೈಲರ್ ಎರಡೂ ಸೇರಿ ನಾಲ್ಕೂವರೆ ಸಾವಿರ ದಾಟಬಾರದು. ನಿಮ್ಮ ಸಂಸಾರಾನೇ ಹಿಂದೆ ಕೂತಿದೆಯಲ್ಲಮ್ಮ.”

ಅವನು ಒಂದು ಚೀಟಿಯ ಹಿಂದೆ ಬರೆಯತೊಡಗಿದ. ಗಾಡಿಯ ತೂಕ, ಡ್ರಮ್ಮು, ಪೆಟ್ಟಿಗೆ, ಯಂತ್ರ. ಆಮೇಲೆ ತಲೆಯೆತ್ತಿ ಅತ್ತಿಗೆಯನ್ನು ನೋಡಿದ. “ತಾವು ಎಷ್ಟಿದ್ದೀರಿ?”

“ಏನು ಎಷ್ಟು?”

“ತೂಕ.”

“ಅಯ್ಯೋ, ಇದೇನ್ರೀ ಯಜಮಾನ್ರೇ! ಹೆಣ್ಣು ನೋಡೋಕೆ ಬಂದವರೂ ಈ ಪ್ರಶ್ನೆ ಕೇಳಿರಲಿಲ್ಲ.”

ಎಲ್ಲರೂ ನಕ್ಕರು, ಅವನೊಬ್ಬನನ್ನು ಬಿಟ್ಟು. ಕೂಡಿ ನೋಡಿದರೆ ನಾಲ್ಕು ಸಾವಿರದ ಏಳುನೂರ ಇಪ್ಪತ್ತು. “ಆಗಲ್ಲ. ಇನ್ನೊಂದು ದಿನ ದೊಡ್ಡ ಗಾಡಿ ತಂದ್ರೆ ನೋಡೋಣ” ಎಂದು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಒಳಗೆ ಹೋದ.

ಅಕ್ಕನ ಮಗಳು ಹಿಂದೆಯೇ ಬಂದಳು. ಅವನು ಆರಿದ ವೆಲ್ಡಿಂಗ್ ಮೇಜಿನ ಮುಂದೆ ಸುಮ್ಮನೆ ನಿಂತಿದ್ದ.

“ಮಾವ, ನಿಜ ಹೇಳು. ಗಾಡಿಗೆ ಭಾರ ಆಗುತ್ತಾ, ಇಲ್ಲಾ ನಿನಗೆ ಕಳಿಸೋಕೆ ಮನಸ್ಸಿಲ್ವಾ?”

ಅವನು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡ. “ಎರಡೂ” ಎಂದ. “ಬೆಳಿಗ್ಗೆ ಎದ್ದ ತಕ್ಷಣ ಅವು ಕಾಲು ಕುಟ್ಟುತ್ತವೆ. ಆ ಸದ್ದಿಗೆ ನಿಮ್ಮತ್ತೆ ‘ಬಂದೆ, ಬಂದೆ, ಜೀವ ತಿನ್ನಬೇಡಿ’ ಅನ್ನೋಳು. ಈಗ ನಾನು ಅಂತೀನಿ. ಆದ್ರೆ ತೂಕದ ವಿಷಯ ಸುಳ್ಳಲ್ಲ ಕಣಮ್ಮ. ನಿಮ್ಮತ್ತೆ ನನ್ನ ಜೊತೆ ಮೊದಲು ಜಗಳ ಆಡಿದ್ದೇ ಇದಕ್ಕೆ.”

ಸ್ಟೂಲಿನ ಮೇಲೆ ಕೂತು ಅವನು ಅದನ್ನು ಹೇಳಿದ. ಆಗ ಅವನಿಗೆ ಇಪ್ಪತ್ನಾಲ್ಕು. ಸವಾರಿ ಶಾಲೆಯ ಡ್ರೈವರ್. ಒಂದು ಬಡಕಲು ಪಿಕಪ್, ಬ್ರೇಕಿಲ್ಲದ ಟ್ರೈಲರ್. ಒಂದೇ ಕುದುರೆಯ ಗಾಡಿಗೆ ಎರಡು ಹತ್ತಿಸಿದ್ದ. ಇದೇ ಬೆಟ್ಟ ಹತ್ತುವಾಗ ಎಂಜಿನ್ ಏದುಸಿರು ಬಿಟ್ಟರೂ ಎಳೆಯಿತು. ಅವನು ಸಿಳ್ಳೆ ಹಾಕಿದ. ಪಕ್ಕದಲ್ಲಿ ಕೂತಿದ್ದ ಲಾಯದ ಹುಡುಗಿ ಮೆಚ್ಚಲೆಂದೇ ಹಾಕಿದ್ದು. ಇಳಿಜಾರು ಶುರುವಾದ ಮೇಲೆ ಟ್ರೈಲರ್ ಹಿಂದಿನಿಂದ ನೂಕತೊಡಗಿತು. ಮೊದಲು ಮೆಲ್ಲಗೆ, ಆಮೇಲೆ ಬಾಲದ ಹಾಗೆ ಆ ಕಡೆ ಈ ಕಡೆ. ಬ್ರೇಕ್ ಒತ್ತಿದರೆ ಮಗುಚುತ್ತದೆ, ಒತ್ತದಿದ್ದರೆ ಕಣಿವೆ. ಕಾಲು ತೆಗೆದು, ಸ್ಟೀರಿಂಗ್ ಬಿಗಿಯಾಗಿ ಹಿಡಿದು, ಎಡಕ್ಕೆ ಏರಿ ಹೋಗುತ್ತಿದ್ದ ಕಲ್ಲುಗಣಿಯ ದಾರಿಗೆ ಹೇಗೋ ತಿರುಗಿಸಿದ. ಏರು ಸಿಕ್ಕಿದ್ದಕ್ಕೆ ಗಾಡಿ ನಿಂತಿತು.

“ಅವಳು ಇಳಿದು ನನ್ನ ಮುಖಾನೂ ನೋಡ್ಲಿಲ್ಲ. ನೇರ ಕುದುರೆ ಹತ್ರ ಹೋಗಿ ಒಂದೊಂದೇ ಕಾಲು ಸವರಿ ನೋಡಿದ್ಳು. ಆಮೇಲೆ ಬಂದು ಅಂದ್ಳು, ‘ಎಳೆಯೋಕೆ ಯಾರಿಗಾದ್ರೂ ಬರುತ್ತೆ. ನಿಲ್ಲಿಸೋಕೆ ಬರುತ್ತಾ ಅಂತ ನೋಡ್ಕೊಂಡಿದ್ಯಾ?’ ಅಷ್ಟೇ. ಎಂಟು ದಿನ ಮಾತಿಲ್ಲ ಕತೆಯಿಲ್ಲ.”

“ಆಮೇಲೆ?”

“ಆಮೇಲೇನು, ಒಬ್ಬ ವೆಲ್ಡರ್ ಕೈಕಾಲು ಹಿಡಿದು ಕೆಲಸ ಕಲಿತೆ. ಆ ಟ್ರೈಲರ್‌ಗೆ ನಾನೇ ಬ್ರೇಕ್ ಕೂರಿಸಿದೆ. ಅವಳನ್ನ ಕರೆದು ತೋರಿಸಿದೆ. ಕೂತು, ಬಗ್ಗಿ, ಜಗ್ಗಿ ಎಲ್ಲಾ ನೋಡಿ, ‘ಈಗ ಮಾತಾಡಬಹುದು’ ಅಂದ್ಳು. ಮುಂದಿನ ವರ್ಷ ಮದುವೆ.”

ಅಕ್ಕನ ಮಗಳು ಕಣ್ಣೊರೆಸಿಕೊಂಡು ಎದ್ದಳು. “ಸರಿ, ಹಾಗಾದ್ರೆ ಇಳಿಸೋಣ. ಏನೇನು ಇಳಿಸಬೇಕು ಹೇಳು.”

ಅವನಿಗೆ ತಪ್ಪಿಸಿಕೊಳ್ಳಲು ದಾರಿ ಉಳಿಯಲಿಲ್ಲ. ತಪ್ಪಿಸಿಕೊಳ್ಳುವ ಮನಸ್ಸೂ ಅಷ್ಟರಲ್ಲಿ ಕರಗಿತ್ತು. ಡ್ರಮ್ಮಿನ ನೀರನ್ನು ಅಂಗಳಕ್ಕೆ ಚೆಲ್ಲಿದರು. ಪೆಟ್ಟಿಗೆ, ಯಂತ್ರ, ಮೇವು, ಜೀನು ಅಂಗಡಿಯೊಳಗೆ ಹೋದವು. “ಹಾಗಾದ್ರೆ ನಾವು?” ಎಂದ ಗಂಡ. “ಬಸ್ಸು” ಎಂದಳು ಅಕ್ಕನ ಮಗಳು. ಅತ್ತಿಗೆ ಸೆರಗು ಸರಿಮಾಡಿಕೊಂಡು, “ಆಯ್ತಪ್ಪ, ಕುದುರೆಗಿರೋ ಬೆಲೆ ನಮಗಿಲ್ಲ” ಎಂದು ನಗುತ್ತಲೇ ತಮ್ಮನನ್ನು ಎಳೆದುಕೊಂಡು ನಿಲ್ದಾಣದ ಕಡೆ ನಡೆದಳು.

ಟ್ರೈಲರ್ ಅಂಚಿಗೆ ವಾಲದಿರಲೆಂದು ಅದರೊಳಗೆ ಭಾರದ ಕೆಂಚಿಯನ್ನು ರಸ್ತೆಯ ನಡುವಿನ ಪಕ್ಕಕ್ಕೆ, ಬೂದಿಯನ್ನು ಅಂಚಿನ ಪಕ್ಕಕ್ಕೆ ನಿಲ್ಲಿಸಬೇಕೆಂದ. ಕೆಂಚಿ ಹತ್ತಲು ಹಟ ಮಾಡಿತು. ಅವನು ಅದರ ಕಿವಿಯ ಬುಡ ತುರಿಸುತ್ತಾ, “ಬಂದೆ, ಬಂದೆ, ಜೀವ ತಿನ್ನಬೇಡ” ಎಂದ. ಹತ್ತಿತು. ಟ್ರೈಲರಿನ ಮೂತಿ ಕೊಂಡಿಯ ಮೇಲೆ ಎಷ್ಟು ಭಾರ ಹಾಕಿದೆ, ಗಾಡಿಯ ಹಿಂಭಾಗ ಎಷ್ಟು ಕುಸಿದಿದೆ ಎಂದು ನೆಲಕ್ಕೆ ಮೊಣಕೈ ಊರಿ ನೋಡಿದ. ಹತ್ತಿರದ ವೇಬ್ರಿಜ್‌ನಲ್ಲಿ ಒಟ್ಟಿಗೆ ತೂಗಿಸಿದಾಗ ನಾಲ್ಕು ಸಾವಿರದ ನೂರ ಐದು ಬಂತು. “ಈಗ ಹೊರಡು.”

ಸ್ಟೀರಿಂಗ್ ಅವಳಿಗೇ ಬಿಟ್ಟು ತಾನು ಪಕ್ಕದಲ್ಲಿ ಕೂತ. ಬೆಟ್ಟದ ನೆತ್ತಿ ತಲುಪಿದಾಗ, “ಎರಡನೇ ಗೇರ್” ಎಂದಷ್ಟೇ ಹೇಳಿದ. ಇಳಿಜಾರು ಬಂತು. ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು, ಕೈ ಸೀಟಿನ ಅಂಚು ಹಿಡಿದಿತ್ತು. ಕಲ್ಲುಗಣಿಯ ದಾರಿ ಎಡಕ್ಕೆ ಕಾಣಿಸಿತು. ಈಗ ಅಲ್ಲಿ ಮುಳ್ಳುಪೊದೆ ಬೆಳೆದು ಬಾಯಿ ಮುಚ್ಚಿಹೋಗಿತ್ತು. ಟ್ರೈಲರ್ ನೂಕಲಿಲ್ಲ, ಅಲುಗಲಿಲ್ಲ, ಸಾಧು ಹಸುವಿನ ಹಾಗೆ ಹಿಂದೆ ಬಂತು. ಬಯಲು ಸಿಕ್ಕಿದ ಮೇಲೆ ಅವನು ಉಸಿರು ಬಿಟ್ಟ. ಅವಳು ನೋಡಿಯೂ ನೋಡದ ಹಾಗೆ ಇದ್ದಳು.

ಜಮೀನಿನಲ್ಲಿ ಬಾಗಿಲು ತೆರೆದರೆ ಬೂದಿ ಹಿಂದುಹಿಂದಕ್ಕೆ ಇಳಿದು ಮೂಗರಳಿಸಿ ನಿಂತಿತು. ಕೆಂಚಿ ನಾಲ್ಕು ಹೆಜ್ಜೆ ನಡೆದು, ಮಣ್ಣಿನಲ್ಲಿ ಅಡ್ಡಬಿದ್ದು, ಕಾಲು ಆಕಾಶಕ್ಕೆತ್ತಿ ಹೊರಳಾಡಿತು. ಎಷ್ಟೋ ವರ್ಷದಿಂದ ಅದು ಹಾಗೆ ಹೊರಳಿದ್ದನ್ನು ಅವನು ಕಂಡಿರಲಿಲ್ಲ. ಅವನ ಲಾಯದಲ್ಲಿ ಅಷ್ಟು ಜಾಗವೇ ಇರಲಿಲ್ಲ. ಆಮೇಲೆ ಎರಡೂ ಬೇಲಿಯ ಆ ತುದಿಗೆ ಹೋದವು. ಒಮ್ಮೆಯೂ ತಿರುಗಿ ನೋಡಲಿಲ್ಲ. ಅವನಿಗೆ ಚುರ್ ಎಂದಿತು, ಹಗುರವೂ ಆಯಿತು.

ಒಂದೇ ದಿನಕ್ಕೆಂದು ಬಂದವನು ಒಂಬತ್ತು ದಿನ ಉಳಿದ. ಸಂಜೆ ಅಕ್ಕನ ಮಗಳು ಬ್ರಷ್ ಹಿಡಿದು ಬೂದಿಯ ಮೈ ಉಜ್ಜುವಾಗ, “ಅತ್ತೆ ಹೀಗೇ ಮಾಡ್ತಿದ್ರಾ?” ಎಂದು ಕೇಳುವಳು.

“ಹಾಗಲ್ಲ, ಕುತ್ತಿಗೆಯಿಂದ ಶುರು” ಎಂದು ಅವನು ಬೇಲಿಗೆ ಒರಗಿ ಹೇಳುತ್ತಾ ಹೋಗುವನು. ಯಾವ ಕುದುರೆ ಹೆಂಡತಿಯ ತೋಳು ಕಚ್ಚಿತ್ತು, ಯಾವ ವರ್ಷ ಲಾಯದೊಳಗೆ ಬೆಕ್ಕು ಮರಿ ಹಾಕಿತ್ತು, ಅವಳು ಕೋಪ ಬಂದಾಗ ಕುದುರೆಗಳ ಜೊತೆ ಮಾತ್ರ ಹೇಗೆ ಮಾತಾಡುತ್ತಿದ್ದಳು. ಎರಡು ವರ್ಷದಲ್ಲಿ ಯಾರೂ ಅವನನ್ನು ಇದನ್ನೆಲ್ಲ ಕೇಳಿರಲಿಲ್ಲ.